ಮೊದಲು ಸಿಗ್ನಲ್ಲು, ಆಮೇಲೆ ಸೆಟ್ಟು

ಕಾಲೇಜು ಸೇರುವ ಮಗನಿಗೋ ಮಗಳಿಗೋ ಸ್ಮಾರ್ಟ್‌ಫೋನ್ ಕೊಡಿಸಲು ಹೊರಟಿದ್ದೀರಾ? ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಮನೆಯಲ್ಲೇ ಕುಳಿತು ಹಾಕಬೇಕಾದ ಲೆಕ್ಕಗಳು ಇಲ್ಲಿವೆ.

ಪಿಯುಸಿ ಫಲಿತಾಂಶ ಬಂದು, ಸಿಇಟಿ ಗಡಿಬಿಡಿ ಮುಗಿದು, ಮಕ್ಕಳು ಊರು ಬಿಟ್ಟು ಹಾಸ್ಟೆಲ್ ಸೇರುವ ಹೊತ್ತಿಗೆ ಮನೆಮನೆಯಲ್ಲೂ ಒಂದು ಬೇಡಿಕೆ ತಲೆಯೆತ್ತುತ್ತದೆ: ಹೊಸ ಮೊಬೈಲ್ ಬೇಕು. ಮಗನಿಗೆ ಗೆಳೆಯರ ಕೈಯಲ್ಲಿರುವಂಥ ಸೆಟ್ಟೇ ಆಗಬೇಕು. ಅಪ್ಪನಿಗೆ ಜೇಬಿನ ಚಿಂತೆ. ಅಮ್ಮನಿಗೆ ರಾತ್ರಿ ಕರೆ ಮಾಡಿದಾಗ ಮಗು ಲೈನಿಗೆ ಸಿಕ್ಕರೆ ಸಾಕು. ಮೂವರದೂ ನ್ಯಾಯವೇ. ಆದರೆ ಈ ಚರ್ಚೆಯಲ್ಲಿ ಮೂವರೂ ಮರೆಯುವ ಸಂಗತಿಯೊಂದಿದೆ. ಇಲ್ಲಿರುವುದು ಒಂದು ಆಯ್ಕೆಯಲ್ಲ, ಎರಡು. ಒಂದು, ಕೈಯಲ್ಲಿ ಹಿಡಿಯುವ ಸಾಧನದ್ದು. ಇನ್ನೊಂದು, ಅದಕ್ಕೆ ಜೀವ ತುಂಬುವ ದೂರಸಂಪರ್ಕ ಸಂಸ್ಥೆಯದು. ಮೊದಲನೆಯದಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಎರಡನೆಯದಕ್ಕೆ ವರ್ಷವಿಡೀ ಕೊಡುತ್ತಲೇ ಇರಬೇಕು. ಆದರೂ ನಮ್ಮ ತಲೆ ಬಿಸಿಯೆಲ್ಲ ಮೊದಲನೆಯದರ ಬಗ್ಗೆಯೇ!

ಹದಿನಾರು ರೂಪಾಯಿಯ ನಿಮಿಷ

ನಮ್ಮ ದೇಶದಲ್ಲಿ ಮೊಬೈಲ್ ಮೊದಲ ಬಾರಿಗೆ ಮಾತನಾಡಿದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಕರೆ ಮಾಡಿದ್ದರು. ಆಗ ದಟ್ಟಣೆಯ ವೇಳೆಯಲ್ಲಿ ನಿಮಿಷಕ್ಕೆ 16 ರೂಪಾಯಿಗೂ ಹೆಚ್ಚು ದರವಿತ್ತು. ಬಂದ ಕರೆಗೂ ದುಡ್ಡು ತೆರಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ.

ಅಂದು ಕರ್ನಾಟಕದಲ್ಲಿದ್ದ ಖಾಸಗಿ ಸಂಸ್ಥೆಗಳು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್. ಮೊದಲನೆಯದು 1999ರಲ್ಲಿ ಏರ್‌ಟೆಲ್‌ನ ಒಡೆಯರಾದ ಭಾರ್ತಿ ಸಮೂಹದ ಪಾಲಾಯಿತು. ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಕಾಲಿಟ್ಟ ಮೇಲೆ ದರಗಳು ನೆಲ ಕಚ್ಚಿದವು. ರಿಲಯನ್ಸ್ ಕಮ್ಯುನಿಕೇಷನ್ಸ್, ಏರ್‌ಸೆಲ್‌ನಂಥ ಸಂಸ್ಥೆಗಳ ಮೊಬೈಲ್ ಸೇವೆ 2017–18ರಲ್ಲಿ ನಿಂತೇಹೋಯಿತು. ಐಡಿಯಾ ಮತ್ತು ವೊಡಾಫೋನ್ 2018ರಲ್ಲಿ ಒಂದಾದವು. ಅದೇ ಇಂದಿನ ವಿ. ಹೀಗೆ ಕೊನೆಗೆ ಉಳಿದವು ನಾಲ್ಕು: ಜಿಯೊ, ಏರ್‌ಟೆಲ್, ವಿ ಮತ್ತು ಸರ್ಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್.

ಈ ಹಳೆಯ ಕಥೆ ಯಾಕೆಂದರೆ, ಯಾವ ಕಂಪನಿಯೂ ನಮ್ಮ ಮನೆದೇವರಲ್ಲ. ಇಂದು ಅಗ್ಗವಾಗಿರುವುದು ನಾಳೆ ತುಟ್ಟಿಯಾಗುತ್ತದೆ. 2024ರ ಜುಲೈನಲ್ಲಿ ಮೂರೂ ಖಾಸಗಿ ಸಂಸ್ಥೆಗಳು ಬಹುಪಾಲು ಒಟ್ಟೊಟ್ಟಿಗೆ ದರ ಏರಿಸಿದಾಗ ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಆಗ ಅನೇಕರು ಅತ್ತ ಹೊರಳಿದರು. ಹಾಗೆ ಹೊರಳಲು ಸಾಧ್ಯವಾದದ್ದು, ಸಂಖ್ಯೆ ಬದಲಿಸದೆ ಸಂಸ್ಥೆ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದೆಲ್ಲೆಡೆ ಜಾರಿಯಲ್ಲಿರುವುದರಿಂದ.

ಗುಡ್ಡ ಹತ್ತಿದ ಮಕ್ಕಳು

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡು ಮತ್ತು ಕರಾವಳಿಯ ಎಷ್ಟೋ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ್ದು, ಮಳೆಯಲ್ಲಿ ಕೊಡೆ ಹಿಡಿದು ರಸ್ತೆ ಬದಿ ಕುಳಿತದ್ದು ನೆನಪಿರಬಹುದು. ಅವರ ಕೈಯಲ್ಲಿ ಫೋನ್ ಇತ್ತು, ಅದರಲ್ಲಿ ಡೇಟಾ ಕೂಡ ಇತ್ತು. ಇಲ್ಲದಿದ್ದುದು ಸಿಗ್ನಲ್. ಆದ್ದರಿಂದ ಮೊದಲ ಪ್ರಶ್ನೆ ಯಾವ ಸೆಟ್ಟು ಎಂಬುದಲ್ಲ. ಮಗು ಇರುವ ಜಾಗದಲ್ಲಿ ಯಾವ ಸಂಸ್ಥೆಯ ಸಿಗ್ನಲ್ ಸಿಗುತ್ತದೆ ಎಂಬುದು.

ಒಂದೇ ಊರಿನಲ್ಲಿ ಒಂದು ಸಂಸ್ಥೆಯ ಸಿಗ್ನಲ್ ಸಿಕ್ಕಿ ಇನ್ನೊಂದರದು ಸಿಗದಿರಲು ಗೋಪುರದ ದೂರವೊಂದೇ ಕಾರಣವಲ್ಲ. ಕಡಿಮೆ ಕಂಪನಾಂಕದ ತರಂಗಗಳು, ಅಂದರೆ 700, 850, 900 ಮೆಗಾಹರ್ಟ್ಸ್‌ನವು, ದೂರ ಸಾಗುತ್ತವೆ. ಗೋಡೆಯನ್ನೂ ದಾಟಿ ಬರುತ್ತವೆ. 2300, 3300 ಮೆಗಾಹರ್ಟ್ಸ್‌ನಂಥ ಹೆಚ್ಚಿನ ಕಂಪನಾಂಕದವು ಹೆಚ್ಚು ಡೇಟಾ ಹೊರುತ್ತವೆ, ಆದರೆ ಬೇಗ ಬಳಲುತ್ತವೆ. ಅಂಗಳದಲ್ಲಿ ಓಡುವ ವಿಡಿಯೊ ಕೋಣೆಯೊಳಗೆ ನಿಂತುಹೋಗುವುದು ಇದಕ್ಕೇ.

ತಿಳಿಯುವುದು ಹೇಗೆ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ವಿಧಿಸಿದ ನಿಯಮದಂತೆ 2025ರಿಂದ ಸಂಸ್ಥೆಗಳು ತಮ್ಮ ಸೇವೆ ಎಲ್ಲೆಲ್ಲಿ ಲಭ್ಯ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಿವೆ. ಅದನ್ನು ನೋಡಿ. ಆದರೆ ನಕ್ಷೆಯ ಬಣ್ಣ ನಂಬಿ ಕೂರಬೇಡಿ. ಆ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ರಾತ್ರಿ ಎಂಟು–ಒಂಬತ್ತರ ಹೊತ್ತಿಗೆ, ಎಲ್ಲರೂ ಫೋನ್ ಹಿಡಿದಿರುವಾಗ, ಕೋಣೆಯೊಳಗೆ ಯಾವುದು ಕೆಲಸ ಮಾಡುತ್ತದೆ ಎಂದು ವಿಚಾರಿಸಿ. ಹಾಗೆಯೇ ನಿಮ್ಮ ಊರನ್ನೂ ಮರೆಯಬೇಡಿ. ರಜೆಗೆ ಬಂದ ಮಗು ಅರ್ಜಿ ತುಂಬುವುದು ನಿಮ್ಮ ಮನೆಯಿಂದಲೇ ತಾನೆ? ಕಾಲೇಜಿನಲ್ಲಿ ಒಂದು, ಊರಿನಲ್ಲಿ ಇನ್ನೊಂದು ಸಿಗುವುದಾದರೆ ಎರಡು ಸಿಮ್‌ನ ಫೋನ್ ಇದ್ದೇ ಇದೆ. ಹಾಸ್ಟೆಲಿನಲ್ಲಿ ಸಿಗ್ನಲ್ ಇಲ್ಲದೆ ವೈಫೈ ಮಾತ್ರ ಇದ್ದರೆ, ವೈಫೈ ಮೂಲಕವೇ ಮಾಮೂಲಿ ಕರೆ ಮಾಡುವ ಸೌಲಭ್ಯ ಫೋನಿನಲ್ಲೂ ಸಂಸ್ಥೆಯಲ್ಲೂ ಇದೆಯೇ ನೋಡಿಕೊಳ್ಳಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಆರಂಭಿಸಿವೆ.

ಇಪ್ಪತ್ತೆಂಟು ದಿನದ ತಿಂಗಳು

ಇನ್ನು ದರದ ಲೆಕ್ಕ. ಬಹಳಷ್ಟು ಪ್ಲಾನುಗಳ ತಿಂಗಳಿಗೆ 28 ದಿನ. ಹಾಗಾಗಿ ವರ್ಷಕ್ಕೆ 12 ಅಲ್ಲ, 13 ಸಲ ರೀಚಾರ್ಜ್ ಮಾಡಬೇಕಾಗುತ್ತದೆ. ಲೆಕ್ಕಕ್ಕೆ ಒಂದು ಪ್ಲಾನಿನ ಬೆಲೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3,900 ರೂಪಾಯಿ. ಮೂರು ವರ್ಷದ ಪದವಿಗೆ 11,700. ಒಂದು ಸಾಧಾರಣ ಸ್ಮಾರ್ಟ್‌ಫೋನೇ ಬಂತು! 30 ದಿನದ ಒಂದು ಪ್ಲಾನ್ ಮತ್ತು ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸುವ ಇನ್ನೊಂದು ಪ್ಲಾನ್ ಇಡಲೇಬೇಕೆಂದು ಟ್ರಾಯ್ 2022ರಲ್ಲಿ ಆದೇಶಿಸಿದೆ. ಕೇಳಿ ಪಡೆಯಿರಿ. ಪ್ಲಾನುಗಳನ್ನು ಹೋಲಿಸುವಾಗ ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಎಂದು ನೋಡುವುದೇ ಸರಿಯಾದ ದಾರಿ.

ಡೇಟಾ ಎಷ್ಟು ಬೇಕು? ಸಾಧಾರಣ ಗುಣಮಟ್ಟದ ಒಂದು ಗಂಟೆಯ ವಿಡಿಯೊ ಪಾಠಕ್ಕೆ ಸುಮಾರು ಅರ್ಧ ಜಿಬಿ ಹಿಡಿಯುತ್ತದೆ. ದಿನಕ್ಕೆ ಒಂದೂವರೆ ಜಿಬಿ ಎಂದರೆ ಮೂರು ಗಂಟೆಯ ಪಾಠ. ಕಾಲೇಜು, ಹಾಸ್ಟೆಲ್ ಎರಡರಲ್ಲೂ ವೈಫೈ ಇರುವ ಮಗುವಿಗೆ ಅಷ್ಟೂ ಬೇಕಾಗದು. ಬಳಸದೆ ಉಳಿದ ದಿನದ ಡೇಟಾ ಬಹುತೇಕ ಪ್ಲಾನುಗಳಲ್ಲಿ ಮಧ್ಯರಾತ್ರಿಗೆ ಮಾಯ.

ಮನೆಯಲ್ಲಿ ಅಜ್ಜಿ, ತಾತ ಕೀಪ್ಯಾಡ್ ಫೋನ್ ಬಳಸುತ್ತಿದ್ದರೆ ಅವರಿಗೆ ಡೇಟಾದ ಹೊರೆ ಏಕೆ? ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನುಗಳನ್ನು ಒದಗಿಸಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು. ಮರು ತಿಂಗಳಿನಿಂದಲೇ ಅವು ಬಂದವು. ಇನ್ನೊಂದು ಎಚ್ಚರ: ಜಿಯೊದ್ದು 4ಜಿ ಮತ್ತು 5ಜಿ ಜಾಲ ಮಾತ್ರ. 2ಜಿಯ ಹಳೆಯ ಕೀಪ್ಯಾಡ್ ಸೆಟ್ಟಿನಲ್ಲಿ ಅದರ ಸಿಮ್ ಕೆಲಸ ಮಾಡದು. ಮಗನಿಗೆಂದು ಇಡೀ ಮನೆಯ ಸಿಮ್ ಬದಲಿಸುವ ಮುನ್ನ ಇದು ನೆನಪಿರಲಿ.

ಡಬ್ಬದ ಮೇಲಿನ ದೊಡ್ಡ ಅಂಕಿಗಳು

ಈಗ ಸೆಟ್ಟಿನ ಮಾತು. ಡಬ್ಬದ ಮೇಲೆ ದೊಡ್ಡಕ್ಷರಗಳಲ್ಲಿರುವುದು ಮೆಗಾಪಿಕ್ಸೆಲ್ಲು. ಆದರೆ ಚಿತ್ರದ ಅಂದ ನಿಂತಿರುವುದು ಬೆಳಕು ಹಿಡಿಯುವ ಸೆನ್ಸರಿನ ಗಾತ್ರ ಮತ್ತು ತಂತ್ರಾಂಶದ ಮೇಲೆ. ಹಿಂಬದಿಯಲ್ಲಿ ಮೂರು ಕಣ್ಣುಗಳಿದ್ದರೆ ಎರಡು ಬರೀ ಶೋಭೆಗೆ ಇರುವುದೂ ಉಂಟು. 'ಎಂಟು ಜಿಬಿ ಕೂಡಿಸು ಎಂಟು ಜಿಬಿ ರ‍್ಯಾಮ್' ಎಂದು ಬರೆದಿದ್ದರೆ ನಿಜವಾದದ್ದು ಮೊದಲ ಎಂಟು ಮಾತ್ರ. ಉಳಿದದ್ದು ಸಂಗ್ರಹದ ಜಾಗವನ್ನೇ ಕಡ ತಂದು ತೋರಿಸುವ ಲೆಕ್ಕ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ: ಈ ಫೋನಿಗೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೀರಿ? ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಚಿಲಕ ಸಡಿಲವಾದ ಮನೆಯಲ್ಲಿ ಒಡವೆ ಇಟ್ಟಂತೆ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8, 2024ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ ಏಳು ವರ್ಷದ ಭರವಸೆ ಸಿಕ್ಕಿದೆ. ಅವು ದುಬಾರಿ ಫೋನುಗಳು. ಅಗ್ಗದವುಗಳಲ್ಲಿ ಈ ಅವಧಿ ಮಾದರಿಯಿಂದ ಮಾದರಿಗೆ ಬಹಳ ಬೇರೆ. 12,000 ರೂಪಾಯಿಯ ಫೋನಿಗೆ ಎರಡು ವರ್ಷ ಅಪ್‌ಡೇಟ್ ಇದ್ದರೆ ತಿಂಗಳಿಗೆ 500 ರೂಪಾಯಿ ಬಿತ್ತು. 18,000ದ ಫೋನಿಗೆ ನಾಲ್ಕು ವರ್ಷ ಇದ್ದರೆ 375 ರೂಪಾಯಿ. ಯಾವುದು ಅಗ್ಗ, ನೀವೇ ಹೇಳಿ.

ಐಫೋನೋ ಆಂಡ್ರಾಯ್ಡೋ ಎಂಬ ವಾದ ಹಾಸ್ಟೆಲುಗಳಲ್ಲಿ ಮುಗಿಯುವಂಥದ್ದಲ್ಲ. ಐಫೋನುಗಳ ಜೋಡಣೆ 2017ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಕಾರ್ಖಾನೆ ಬಂತು. ನಮ್ಮಲ್ಲೇ ತಯಾರಾದರೂ ಅದು ಅಗ್ಗದ ಸರಕಾಗಲಿಲ್ಲ. ಅದರ ಬಾಳಿಕೆ, ಮರುಮಾರಾಟದ ಬೆಲೆ ಚೆನ್ನಾಗಿವೆ, ನಿಜ. ಆದರೆ ಪದವಿ ವಿದ್ಯಾರ್ಥಿಯ ಪಾಠ, ಅರ್ಜಿ, ಹಣ ಪಾವತಿಗೆ ಬೇಕಾದುದೆಲ್ಲ ಆಂಡ್ರಾಯ್ಡಿನಲ್ಲೂ ಸಿಗುತ್ತದೆ. ಸಾಲ ಮಾಡಿ ತುಪ್ಪ ತಿನ್ನುವ ಅಗತ್ಯವಿಲ್ಲ.

5ಜಿ ಬೇಕೇ? ದೇಶದಲ್ಲಿ ಅದು ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಮೂರು–ನಾಲ್ಕು ವರ್ಷ ಬಾಳಬೇಕಾದ ಹೊಸ ಸೆಟ್ಟು ಕೊಳ್ಳುವುದಾದರೆ 5ಜಿ ಇರಲಿ. ಕೈಯಲ್ಲಿರುವ 4ಜಿ ಸೆಟ್ಟು ಚೆನ್ನಾಗಿದ್ದರೆ ಅದಕ್ಕಾಗಿಯೇ ಬಿಸಾಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಂಪನಿಯ ಸರ್ವಿಸ್ ಸೆಂಟರ್ ಕಾಲೇಜಿರುವ ಊರಿನಲ್ಲಿ ಇದೆಯೇ ನೋಡಿ.

ಕಂತು ಮತ್ತು ಸೆಕೆಂಡ್ ಹ್ಯಾಂಡ್

'ಬಡ್ಡಿ ಇಲ್ಲದ ಕಂತು' ಎಂಬ ಫಲಕ ಕಂಡರೆ ಒಂದು ಕ್ಷಣ ನಿಲ್ಲಿ. ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟು ಎಂದು ಕೇಳಿ. ನಗದಿಗೆ ಸಿಗುವ ರಿಯಾಯಿತಿ ಕಂತಿಗೆ ಸಿಗದಿದ್ದರೆ ಆ ವ್ಯತ್ಯಾಸವೇ ಬಡ್ಡಿ. ಜೊತೆಗೆ ಸಂಸ್ಕರಣಾ ಶುಲ್ಕ, ವಿಮೆ ಎಂದು ಸೇರಿಸಿದ್ದಾರೆಯೇ ನೋಡಿ.

ಹಳೆಯ ಫೋನ್ ಕೊಳ್ಳುವುದು ತಪ್ಪಲ್ಲ, ಕದ್ದದ್ದು ಕೊಳ್ಳಬಾರದು. *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ 'ಕೆವೈಎಂ' ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಫೋನಿನ ಪೂರ್ವಾಪರ ತಿಳಿಯುತ್ತದೆ. ನಿಮ್ಮ ಹೊಸ ಫೋನಿನ ಸಂಖ್ಯೆಯನ್ನೂ ಬಿಲ್ಲಿನೊಂದಿಗೆ ಬರೆದಿಡಿ. ಕಳೆದುಹೋದರೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ಜಾಲತಾಣದಲ್ಲಿ ಅದನ್ನು ಬಂದ್ ಮಾಡಿಸಬಹುದು.

ಸಿಮ್ ಯಾರ ಹೆಸರಿನಲ್ಲಿ?

ಫೋನಿಗಿಂತ ಬೆಲೆಬಾಳುವುದು ಸಂಖ್ಯೆ. ಬ್ಯಾಂಕ್, ಆಧಾರ್, ವಿದ್ಯಾರ್ಥಿವೇತನ, ಪರೀಕ್ಷಾ ಅರ್ಜಿ, ಎಲ್ಲದರ ಒಟಿಪಿ ಬರುವುದು ಅದಕ್ಕೇ. 18 ತುಂಬದವರಿಗೆ ಸಿಮ್ ಕೊಡಬಾರದೆಂದು ದೂರಸಂಪರ್ಕ ಇಲಾಖೆ 2021ರಲ್ಲಿ ಹೇಳಿದೆ. ಹಾಗಾಗಿ ಪಿಯುಸಿ ಮಕ್ಕಳ ಸಿಮ್ ಅಪ್ಪ ಅಮ್ಮನ ಹೆಸರಿನಲ್ಲಿರುತ್ತದೆ. 18 ತುಂಬಿದ ಮೇಲೆ ಮಗುವಿನ ಹೆಸರಿಗೆ ಮಾಡಿಸಿ. ಪರಿಚಯದವರ, ಅಂಗಡಿಯವರ ಹೆಸರಿನ ಸಿಮ್ ಮಾತ್ರ ಬೇಡವೇ ಬೇಡ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದೂ ಸಂಚಾರ್ ಸಾಥಿಯಲ್ಲಿ ತಿಳಿಯುತ್ತದೆ.

90 ದಿನ ಯಾವ ಬಳಕೆಯೂ ಇಲ್ಲದ, ಖಾತೆಯಲ್ಲಿ 20 ರೂಪಾಯಿಯೂ ಉಳಿದಿರದ ಪ್ರಿಪೇಯ್ಡ್ ಸಂಖ್ಯೆಯನ್ನು ಸಂಸ್ಥೆ ರದ್ದು ಮಾಡಬಹುದು. ಮುಂದೆ ಅದು ಬೇರೆಯವರಿಗೆ ಹೋಗುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊಟ್ಟ ಸಂಖ್ಯೆಯನ್ನು ಹೀಗೆ ಕೈಬಿಟ್ಟರೆ, ಹಣ ಬರುವ ಹೊತ್ತಿಗೆ ಒಟಿಪಿ ಯಾರದೋ ಫೋನಿಗೆ ಹೋದೀತು.

ಸೇವೆ ಸರಿಯಿಲ್ಲವೇ? ಇಂಗ್ಲಿಷಿನಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಸಂಖ್ಯೆ ಬರೆದು 1900ಕ್ಕೆ ಎಸ್ಸೆಮ್ಮೆಸ್ ಮಾಡಿ. ಬರುವ ಎಂಟು ಅಕ್ಷರದ ಸಂಕೇತ ನಮ್ಮಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದರೊಂದಿಗೆ ಹೊಸ ಸಂಸ್ಥೆಗೆ ಹೋದರೆ ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕು. ಹಿಂದಿನ ಸಂಸ್ಥೆಯಲ್ಲಿ 90 ದಿನ ಕಳೆದಿರಬೇಕು. ಉಳಿದ ರೀಚಾರ್ಜ್ ಮಾತ್ರ ಜೊತೆಗೆ ಬರುವುದಿಲ್ಲ. ಆದ್ದರಿಂದ ಮೊದಲಿಗೇ ವರ್ಷದ ಪ್ಲಾನ್ ಹಾಕಿಸಬೇಡಿ. ಒಂದು ತಿಂಗಳು ನೋಡಿ, ಆಮೇಲೆ ದೊಡ್ಡ ಮೊತ್ತ ಕಟ್ಟಿ. ದೂರಿಗೆ ಸಂಸ್ಥೆ ಕಿವಿಗೊಡದಿದ್ದರೆ ಅಲ್ಲೇ ಮೇಲ್ಮನವಿಗೆ ಅವಕಾಶವಿದೆ. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆಯೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಅಪ್ಪನ ಮುಂದೆ ಹಟ ಹಿಡಿಯುವ ಬದಲು ಒಂದು ಹಾಳೆ ತೆಗೆದುಕೊಳ್ಳಿ. ಮೂರು ಸೆಟ್ಟುಗಳ ಬೆಲೆ, ಅಪ್‌ಡೇಟ್ ವರ್ಷ, ಎರಡು ಸಂಸ್ಥೆಗಳ ದಿನದ ದರ, ಹಾಸ್ಟೆಲಿನ ಸಿಗ್ನಲ್, ಎಲ್ಲ ಬರೆದು ಮುಂದಿಡಿ. ಹೆತ್ತವರೂ ಅಷ್ಟೇ: 'ನಿನಗೇನು ಗೊತ್ತು' ಎನ್ನದೆ ಆ ಹಾಳೆಯನ್ನು ಓದಿ, ತಪ್ಪಿದ್ದಲ್ಲಿ ತಿದ್ದಿ. ಊರು ಬಿಟ್ಟು ಹೊರಟ ಮಗು ಮುಂದೆ ಬಾಡಿಗೆ, ಬಸ್ ಪಾಸು, ಮೆಸ್ ಬಿಲ್ಲು ಎಂದು ತಾನೇ ಲೆಕ್ಕ ನೋಡಿಕೊಳ್ಳಬೇಕಾಗುತ್ತದೆ. ಅದು ಈ ಹಾಳೆಯಿಂದಲೇ ಶುರುವಾಗಲಿ.