ಬ್ಯಾಕ್ಟೀರಿಯಗಳ ಕೂಡಿಕೆ: ಒಂದು ಪ್ರೋಟೀನು, ಎರಡು ಕಾರ್ಯ

ಮನುಷ್ಯನ ಕರುಳಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿ ನೆಲೆಸಿರುವ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯವು ವಂಶವಾಹಿಗಳನ್ನು ಹಂಚಿಕೊಳ್ಳುವ ಕ್ರಮ ಗಮನಾರ್ಹವಾದುದು. ಈ ಕೂಡಿಕೆಯನ್ನು ಪ್ರಚೋದಿಸುವ ರಾಸಾಯನಿಕ ಸಂಕೇತವನ್ನು ಡನ್ನಿ, ಬ್ರೌನ್ ಮತ್ತು ಕ್ಲೆವೆಲ್ 1978ರಲ್ಲಿ ವರದಿಮಾಡಿದರು. ವರ್ಣತಂತುವಿನಿಂದ ಪ್ರತ್ಯೇಕವಾಗಿರುವ ಡಿಎನ್‌ಎ ಉಂಗುರವೇ ಪ್ಲಾಸ್ಮಿಡ್. ಅದಿಲ್ಲದ ಕೋಶವು ಏಳೆಂಟು ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡನ್ನು ಹೊರಸೂಸುತ್ತದೆ. ಈ ಸಂಕೇತವನ್ನು ಗ್ರಹಿಸಿದ ಪ್ಲಾಸ್ಮಿಡ್‌ಧಾರಿ ಕೋಶವು ತನ್ನ ಮೇಲ್ಮೈಯಲ್ಲಿ ಅಂಟುವ ಗುಣವುಳ್ಳ ಪ್ರೋಟೀನೊಂದನ್ನು ಪ್ರಕಟಿಸುತ್ತದೆ. ಆ ಪ್ರೋಟೀನು ನೆರೆಯ ಕೋಶದ ಹೊರಮೈಯಲ್ಲಿರುವ ಲಿಪೊಟೈಕೊಯಿಕ್ ಆಮ್ಲಕ್ಕೆ ಅಂಟಿಕೊಳ್ಳುತ್ತದೆ, ಕೋಶಗಳು ಗುಂಪುಗೂಡುತ್ತವೆ, ಪ್ಲಾಸ್ಮಿಡ್ಡಿನ ಪ್ರತಿಯೊಂದು ದಾಟಿಹೋಗುತ್ತದೆ. ದಾನಿಗೆ ಇದರಿಂದ ನಷ್ಟವಿಲ್ಲ, ಮೂಲವು ಅದರಲ್ಲೇ ಉಳಿಯುತ್ತದೆ.

ಇಂತಹ ಪ್ಲಾಸ್ಮಿಡ್‌ಗಳಲ್ಲಿ ಒಂದಾದ ಪಿಸಿಎಫ್10 ಟೆಟ್ರಾಸೈಕ್ಲಿನ್ ಔಷಧವನ್ನು ಪ್ರತಿರೋಧಿಸುವ ವಂಶವಾಹಿಯನ್ನು ಹೊತ್ತಿದೆ. ಅದೇ ಪ್ಲಾಸ್ಮಿಡ್ಡಿನಿಂದ ರೂಪುಗೊಳ್ಳುವ ಅಂಟು ಪ್ರೋಟೀನು ಆತಿಥೇಯ ದೇಹದ ಅಂಗಾಂಶಗಳಿಗೂ ಬ್ಯಾಕ್ಟೀರಿಯವನ್ನು ಬಂಧಿಸುತ್ತದೆ. ಮೊಲಗಳ ಮೇಲಿನ ಪ್ರಯೋಗಗಳಲ್ಲಿ ಅದು ಹೃದಯ ಕವಾಟದ ಸೋಂಕನ್ನು ಉಲ್ಬಣಗೊಳಿಸಿದುದು ಕಂಡುಬಂದಿದೆ. ಅಂದರೆ ವಂಶವಾಹಿಯ ವಿನಿಮಯಕ್ಕೆ ನೆರವಾಗುವ ಅಣುವೇ ರೋಗದ ಬೇರೂರುವಿಕೆಗೂ ನೆರವಾಗುತ್ತದೆ. ಆದ್ದರಿಂದ ಔಷಧ ಪ್ರತಿರೋಧದ ಪ್ರಸಾರ ಮತ್ತು ಸೋಂಕಿನ ತೀವ್ರತೆ ಇವೆರಡನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಪರಿಗಣಿಸಿ ಅಧ್ಯಯನ ಮಾಡುವುದು ಅಗತ್ಯ.