ಕೋಳಿಗೂಡಿಗೆ ಒಣ ಹಾಸು

ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯಲ್ಲಿ ಕೋಳಿ ಸಾಕುವ ಮನೆಗಳು ಬಹಳ. ಹಿತ್ತಿಲಲ್ಲಿ ನಾಲ್ಕು ಹೇಂಟೆ, ಒಂದು ಹುಂಜ. ಹೊಲದ ದುಡ್ಡು ಹೆಚ್ಚಾಗಿ ಗಂಡಸರ ಕೈ ಸೇರುತ್ತದೆ. ಕೋಳಿ, ಮೊಟ್ಟೆಯ ದುಡ್ಡು ನಮ್ಮ ಕೈಗೆ ಬರುತ್ತದೆ. ಮಗಳಿಗೆ ನೋಟ್ ಪುಸ್ತಕ ತರಲು ಅದೇ ದುಡ್ಡು. ಸಂಘಕ್ಕೆ ಉಳಿತಾಯ ಕಟ್ಟಲು ಅದೇ ದುಡ್ಡು.

ಚಳಿಗಾಲ ಬಂದರೆ ಈ ದುಡ್ಡಿಗೆ ಪೆಟ್ಟು ಬೀಳುತ್ತದೆ. ಬೆಳಿಗ್ಗೆ ಎದ್ದು ಮಂಕರಿ ಎತ್ತಿದರೆ ಎರಡು ಮರಿ ಸತ್ತಿರುತ್ತವೆ. ಇನ್ನೊಂದು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿರುತ್ತದೆ. "ಚಳಿಗೆ ಸತ್ತೋದ್ವು" ಅಂತ ಹೇಳಿ ಸುಮ್ಮನಾಗುತ್ತೇವೆ. ಆದರೆ ಚಳಿ ಒಂದೇ ಕಾರಣವೇ? ಅಲ್ಲ. ಬಹಳ ಸಲ ಕೋಳಿಯ ಕಾಲ ಕೆಳಗಿನ ತೇವವೇ ಅದಕ್ಕೆ ಕಾರಣ. ತೇವವನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಚಳಿಯೂ ತೇವವೂ

ನಮ್ಮ ಸೀಮೆಯಲ್ಲಿ ದೀಪಾವಳಿ ಆಸುಪಾಸಿನಲ್ಲಿ ಹಿಂಗಾರು ಮಳೆ ಬೀಳುತ್ತದೆ. ನೆಲ ನೆನೆಯುತ್ತದೆ. ಆ ತೇವ ಆರುವ ಮೊದಲೇ ಮಾರ್ಗಶಿರ, ಪುಷ್ಯದ ಚಳಿ ಶುರುವಾಗುತ್ತದೆ. ಬಂಡೀಪುರದ ಕಾಡಂಚಿನ ಹಳ್ಳಿಗಳಲ್ಲಿ ಬೆಳಿಗ್ಗೆ ಮಂಜು, ಇಬ್ಬನಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸುಮಾರು 1,450 ಮೀಟರ್ ಎತ್ತರ ಇದೆ. ಅಲ್ಲಂತೂ ಮಂಜು ಕವಿದೇ ಇರುತ್ತದೆ.

ಆದರೂ ನಮ್ಮಲ್ಲಿ ಹಿಮ ಬೀಳುವುದಿಲ್ಲ. ಬೆಳೆದ ಕೋಳಿ ನಮ್ಮ ಚಳಿಯನ್ನು ತಡೆಯುತ್ತದೆ. ನಮ್ಮ ಮೈಯ ಬಿಸಿ 37 ಡಿಗ್ರಿ. ಕೋಳಿಯ ಮೈಯ ಬಿಸಿ ಸುಮಾರು 41 ಡಿಗ್ರಿ. ಚಳಿಯಾದಾಗ ಕೋಳಿ ಪುಕ್ಕ ಉಬ್ಬಿಸಿ ಕೂರುತ್ತದೆ. ಪುಕ್ಕದ ನಡುವೆ ಗಾಳಿ ನಿಲ್ಲುತ್ತದೆ. ಆ ಗಾಳಿಯೇ ಅದರ ಕಂಬಳಿ.

ಪುಕ್ಕ ಒದ್ದೆಯಾದರೆ ಈ ಕಂಬಳಿ ಕೆಲಸ ಮಾಡುವುದಿಲ್ಲ. ಒದ್ದೆ ಸೀರೆ ಉಟ್ಟು ಗಾಳಿಗೆ ನಿಂತರೆ ನಮಗೆ ಹೇಗಾಗುತ್ತದೆ? ಕೋಳಿಗೂ ಹಾಗೇ.

ಗೂಡಿಗೆ ಸೂರು ಇದೆಯಲ್ಲ, ತೇವ ಎಲ್ಲಿಂದ ಬರುತ್ತದೆ? ಕೋಳಿಯಿಂದಲೇ ಬರುತ್ತದೆ. ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯುವುದಿಲ್ಲ. ಎಲ್ಲವೂ ಹಿಕ್ಕೆಯ ಜೊತೆಗೇ ಬರುತ್ತದೆ. ಹಿಕ್ಕೆಯಲ್ಲಿ ಹೆಚ್ಚು ಪಾಲು ನೀರು. ಅದರ ಉಸಿರಲ್ಲೂ ತೇವ ಇದೆ. ನೆಲದಿಂದಲೂ ತಣಸು ಏರುತ್ತದೆ. ಇದನ್ನೆಲ್ಲ ಹೀರಿಕೊಳ್ಳಲು ಗೂಡಿನ ನೆಲಕ್ಕೆ ಹಾಸು ಬೇಕು.

ಯಾವ ಕೋಳಿ ಸಾಕೋಣ?

ಹಾಸಿನ ಮಾತಿಗೆ ಮೊದಲು ಕೋಳಿಯ ಜಾತಿ ನೋಡೋಣ. ಜಾತಿ ನೋಡಿ ಗೂಡು ಮಾಡಬೇಕು.

ನಾಟಿ ಕೋಳಿ ನಮಗೆ ಹಳೆಯ ಪರಿಚಯ. ಮೈ ಹಗುರ. ನಾಯಿ ಬಂದರೆ ಹಾರಿ ಮರ ಏರುತ್ತದೆ. ತಾನೇ ಕಾವು ಕೂರುತ್ತದೆ, ತಾನೇ ಮರಿ ಸಾಕುತ್ತದೆ. ವರ್ಷಕ್ಕೆ ಇಡುವುದು ಸುಮಾರು 50ರಿಂದ 60 ಮೊಟ್ಟೆ ಮಾತ್ರ.

ಗಿರಿರಾಜ ಕೋಳಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರು ಮಾಡಿದರು. 1989ರಲ್ಲಿ ಅದು ರೈತರ ಕೈಗೆ ಬಂತು. ದಪ್ಪ ಮೈ, ಒಳ್ಳೆ ತೂಕ. ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಆದರೆ ಭಾರದ ಕೋಳಿ ಹಾರಲಾರದು. ಎತ್ತರದ ಕೋಲಿನ ಮೇಲೆ ಕೂರಲಾರದು. ಹೆಚ್ಚಾಗಿ ಹಾಸಿನ ಮೇಲೇ ಮಲಗುತ್ತದೆ. ಆದ್ದರಿಂದ ಗಿರಿರಾಜ ಸಾಕುವವರು ಹಾಸಿನ ಕಡೆ ಹೆಚ್ಚು ಗಮನ ಕೊಡಬೇಕು.

ಸ್ವರ್ಣಧಾರ ಕೋಳಿ 2005ರಲ್ಲಿ ಬಂತು. ಗಿರಿರಾಜಕ್ಕಿಂತ ಹಗುರ. ಕಾಡುಬೆಕ್ಕು, ನರಿ ಬಂದರೆ ಓಡಿ ತಪ್ಪಿಸಿಕೊಳ್ಳುತ್ತದೆ. ಒಳ್ಳೆಯ ಮೇವು, ಆರೈಕೆ ಸಿಕ್ಕರೆ ವರ್ಷಕ್ಕೆ 180ರಿಂದ 190 ಮೊಟ್ಟೆ. ಕಾಡಂಚಿನ ನಮಗೆ ಇದು ಹೊಂದುತ್ತದೆ.

ಗಿರಿರಾಜ, ಸ್ವರ್ಣಧಾರದ ಹೇಂಟೆಗಳನ್ನು ಕಾವಿಗೆ ನಂಬುವಂತಿಲ್ಲ. ಈ ಜಾತಿಯ ಮರಿಗಳನ್ನು ಕೊಂಡು ತರಬೇಕು. ಅದಕ್ಕೇ ಒಂದೆರಡು ನಾಟಿ ಹೇಂಟೆ ಮನೆಯಲ್ಲಿ ಇರಲಿ. ಕಾವಿಗೂ ಮರಿ ಸಾಕಲಿಕ್ಕೂ ಅವೇ ಸರಿ.

ಹಿಮ ಬೀಳುವ ದೇಶಗಳಲ್ಲಿ ಜುಟ್ಟು ಚಿಕ್ಕದಿರುವ ಕೋಳಿಯನ್ನು ಆರಿಸುತ್ತಾರೆ. ದೊಡ್ಡ ಕೆಂಪು ಜುಟ್ಟು ಅಲ್ಲಿ ಹೆಪ್ಪುಗಟ್ಟಿ ಕೊಳೆಯುತ್ತದೆ. ಕೆನಡಾ ದೇಶದವರು ಇದಕ್ಕಾಗಿಯೇ ಚಿಕ್ಕ ಜುಟ್ಟಿನ ಜಾತಿ ಬೆಳೆಸಿದರು. ನಮಗೆ ಆ ಭಯ ಇಲ್ಲ. ಆದರೆ ಅಲ್ಲಿಯವರೂ ಹೇಳುವ ಮಾತು ಇದೇ: ಗೂಡು ಒಣಗಿರಲಿ.

ಯಾವ ಹಾಸು ಒಳ್ಳೆಯದು?

ಹಾಸು ತೇವ ಹೀರಬೇಕು, ಬೇಗ ಆರಬೇಕು. ನಮಗೆ ಹತ್ತಿರದಲ್ಲೇ ಸಿಗಬೇಕು. ಒಂದೊಂದನ್ನೂ ನೋಡೋಣ.

ಭತ್ತದ ಹೊಟ್ಟು: ಇದು ಬಹಳ ಒಳ್ಳೆಯದು. ರೈಸ್ ಮಿಲ್ಲಿನಲ್ಲಿ ಸಿಗುತ್ತದೆ. ಹಗುರ, ಗಂಟು ಕಟ್ಟುವುದು ಕಡಿಮೆ, ಬೇಗ ಆರುತ್ತದೆ.

ಕಡಲೆಕಾಯಿ ಸಿಪ್ಪೆ: ಪುಡಿ ಮಾಡಿ ಹಾಕಿದರೆ ಒಳ್ಳೆಯದು. ಆದರೆ ನೆನೆದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಉಸಿರಿಗೆ ಹೋದರೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಒಣಗಿದ್ದು ಮಾತ್ರ ಹಾಕಿ.

ಮರದ ಹೊಟ್ಟು: ಮರ ಕೊಯ್ಯುವ ಮಿಲ್ಲಿನಲ್ಲಿ ಸಿಗುತ್ತದೆ. ಬೆಳೆದ ಕೋಳಿಗೆ ಆಗಬಹುದು. ತೀರ ನುಣ್ಣಗಿನ ಪುಡಿ ಬೇಡ, ದೂಳು ಏಳುತ್ತದೆ. ಎಳೆ ಮರಿ ಅದನ್ನು ಮೇವು ಅಂತ ತಿಂದುಬಿಡುತ್ತದೆ.

ರಾಗಿ ಹುಲ್ಲು, ಭತ್ತದ ಹುಲ್ಲು: ಬೆಚ್ಚಗಿರುತ್ತದೆ. ಆದರೆ ಉದ್ದ ಹುಲ್ಲು ಬೇಗ ಗಂಟು ಕಟ್ಟುತ್ತದೆ, ಅಡಿಯಲ್ಲಿ ಕೊಳೆಯುತ್ತದೆ. ಎರಡು ಬೆರಳು ಉದ್ದಕ್ಕೆ ಕತ್ತರಿಸಿ ಹೊಟ್ಟಿನ ಜೊತೆ ಬೆರೆಸಿ. ಮೊಟ್ಟೆ ಇಡುವ ಪುಟ್ಟಿಗೆ ಹುಲ್ಲೇ ಸರಿ.

ಒಲೆ ಬೂದಿ: ಬರೀ ಬೂದಿ ಹಾಸಬೇಡಿ, ದೂಳಾಗುತ್ತದೆ. ತಣ್ಣಗಾದ ಬೂದಿಯನ್ನು ಒಂದು ಮೂಲೆಯಲ್ಲಿ ಮಣ್ಣಿನ ಜೊತೆ ಸುರಿಯಿರಿ. ಕೋಳಿ ಅದರಲ್ಲಿ ಹೊರಳಾಡುತ್ತದೆ. ಮೈಯ ಹೇನು ಕಡಿಮೆಯಾಗುತ್ತದೆ.

ಹಳೆ ಗೋಣಿಚೀಲ: ಇದನ್ನು ನೆಲಕ್ಕೆ ಹಾಸಬೇಡಿ. ಹಿಕ್ಕೆ ಹೀರಿ ವಾರಗಟ್ಟಲೆ ಒದ್ದೆ ಇರುತ್ತದೆ. ಗಾಳಿಗೆ ಅಡ್ಡ ಕಟ್ಟಲು ಇಟ್ಟುಕೊಳ್ಳಿ.

ಕೆಲವರು ಕಾಡಿಗೆ ಹೋಗಿ ತರಗೆಲೆ ತರೋಣ ಅನ್ನಬಹುದು. ಬೇಡ ಕಣಕ್ಕ. ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. ಒಳಗೆ ಹೋಗುವುದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ. ಹೊಲದಲ್ಲಿ, ಮಿಲ್ಲಿನಲ್ಲಿ ಸಿಗುವುದೇ ಸಾಕು.

ಹಾಸುವುದು ಹೇಗೆ?

ಮೊದಲು ಗೂಡಿನ ನೆಲವನ್ನು ಅಂಗಳಕ್ಕಿಂತ ಅರ್ಧ ಅಡಿ ಎತ್ತರಿಸಿ. ಕಲ್ಲು, ಮಣ್ಣು ಹಾಕಿ ಗಟ್ಟಿ ಮಾಡಿ. ಮಳೆ ನೀರು ಒಳಗೆ ಬರಬಾರದು. ನೆಲಕ್ಕೆ ಸ್ವಲ್ಪ ಸುಣ್ಣದ ಪುಡಿ ಚೆಲ್ಲಿ. ಅದರ ಮೇಲೆ ನಾಲ್ಕು ಅಂಗುಲ ದಪ್ಪ ಹೊಟ್ಟು ಹರಡಿ. ಒಂದೊಂದು ದೊಡ್ಡ ಕೋಳಿಗೆ ಎರಡು ಚದರ ಅಡಿ ಜಾಗ ಇರಲಿ. ಕಿಕ್ಕಿರಿದು ತುಂಬಿದರೆ ಎಷ್ಟು ಹೊಟ್ಟು ಹಾಕಿದರೂ ಒದ್ದೆಯಾಗುತ್ತದೆ.

ವಾರಕ್ಕೆ ಎರಡು ಸಲ ಹಾಸನ್ನು ಕೆದಕಿ ತಿರುವಿ. ಬಿಸಿಲು ಬಂದ ಮೇಲೆ, ಕೋಳಿ ಹೊರಗೆ ಹೋದಾಗ ಈ ಕೆಲಸ ಮಾಡಿ. ಗಂಟು ಕಟ್ಟಿದ ಭಾಗ ತೆಗೆದು ಹಾಕಿ. ಅಷ್ಟೇ ಹೊಸ ಹೊಟ್ಟು ಸುರಿಯಿರಿ. ನೀರಿನ ಬಟ್ಟಲನ್ನು ಒಂದು ಇಟ್ಟಿಗೆಯ ಮೇಲಿಡಿ. ಆಗ ನೀರು ಚೆಲ್ಲಾಡುವುದು ಕಡಿಮೆ.

ಹಾಸು ಸರಿ ಇದೆಯೇ? ಕೈಯಿಂದಲೇ ತಿಳಿಯಬಹುದು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ, ಆಮೇಲೆ ಕೈ ಬಿಡಿಸಿ. ಮುದ್ದೆಯಾಗಿ ಉಳಿದರೆ ಒದ್ದೆ ಹೆಚ್ಚು. ಉದುರಿ ಹೋದರೆ ಸರಿಯಾಗಿದೆ. ದೂಳು ಎದ್ದರೆ ತೀರ ಒಣಗಿದೆ. ಇನ್ನೊಂದು ಗುರುತು ಮೂಗು. ಗೂಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ಘಾಟು ಬಂದು ಕಣ್ಣು ಉರಿದರೆ ಹಾಸು ಬದಲಾಯಿಸಲೇಬೇಕು. ಕೈ ಚೆನ್ನಾಗಿ ಸೋಪು ಹಾಕಿ ತೊಳೆಯುವುದು ಮರೆಯಬೇಡಿ.

ತೆಗೆದ ಹಾಸು ವ್ಯರ್ಥ ಅಲ್ಲ. ತಿಪ್ಪೆಗೆ ಹಾಕಿ ಕೊಳೆಸಿದರೆ ಒಳ್ಳೆ ಗೊಬ್ಬರ. ಹಸಿಯಾಗಿ ಗಿಡದ ಬುಡಕ್ಕೆ ಹಾಕಬೇಡಿ, ಗಿಡ ಸುಟ್ಟುಹೋಗುತ್ತದೆ.

ಗೂಡನ್ನು ಪೂರ್ತಿ ಮುಚ್ಚಬೇಡಿ

ಚಳಿ ಅಂತ ನಾವು ಗೂಡಿನ ಸುತ್ತ ಪ್ಲಾಸ್ಟಿಕ್ ಕಟ್ಟುತ್ತೇವೆ. ಒಂದು ಕಿಂಡಿಯನ್ನೂ ಬಿಡುವುದಿಲ್ಲ. ಆಗ ಒಳಗಿನ ತೇವ ಹೊರಗೆ ಹೋಗದು. ತಗಡಿಗೆ ನೀರು ಕಟ್ಟಿ ಕೋಳಿಯ ಮೇಲೇ ತೊಟ್ಟಿಕ್ಕುತ್ತದೆ. ಘಾಟು ಒಳಗೇ ನಿಲ್ಲುತ್ತದೆ. ಕೋಳಿಗೆ ನೆಗಡಿ, ಕೆಮ್ಮು ಬರುತ್ತದೆ.

ಕೋಳಿ ಕೂರುವ ಎತ್ತರದಲ್ಲಿ ಗಾಳಿಗೆ ಅಡ್ಡ ಗೋಣಿ ಕಟ್ಟಿ. ಸೂರಿನ ಕೆಳಗೆ ಒಂದು ಗೇಣು ಜಾಗ ತೆರೆದಿರಲಿ. ಅಲ್ಲಿಗೆ ಗಟ್ಟಿ ತಂತಿ ಜಾಲರಿ ಹೊಡೆಯಿರಿ. ಕಾಡುಬೆಕ್ಕು, ಕೀರ ನುಸುಳಬಾರದು.

ಕಾಡುಕೋಳಿಯನ್ನು ನೋಡಿದ್ದೀರಲ್ಲ? ಅದು ರಾತ್ರಿ ನೆಲದ ಮೇಲೆ ಮಲಗುವುದಿಲ್ಲ. ಕೊಂಬೆಯ ಮೇಲೆ ಕೂರುತ್ತದೆ. ನಾಟಿ ಕೋಳಿಗೂ ಅದೇ ಬುದ್ಧಿ. ಗೂಡಿನೊಳಗೆ ಎರಡು ಅಡಿ ಎತ್ತರಕ್ಕೆ ಒಂದು ಕೋಲು ಕಟ್ಟಿ. ಗಿರಿರಾಜಕ್ಕೆ ಒಂದು ಅಡಿ ಎತ್ತರ ಸಾಕು.

ಗೂಡಿನೊಳಗೆ ಕೆಂಡದ ಮಡಕೆ ಇಡಬೇಡಿ. ಹೊಟ್ಟಿಗೆ ಒಂದು ಕಿಡಿ ಬಿದ್ದರೆ ಎಲ್ಲ ಸುಟ್ಟುಹೋಗುತ್ತದೆ. ಹೊಗೆಯಿಂದ ಕೋಳಿ ಉಸಿರುಗಟ್ಟಿ ಸಾಯುತ್ತದೆ.

ಮರಿಗಳಿಗೆ ಬಿಸಿ ಬೇಕು

ದೊಡ್ಡ ಕೋಳಿಗೆ ಒಣ ಹಾಸು ಸಾಕು. ಎಳೆ ಮರಿಗೆ ಸಾಲದು. ಅದಕ್ಕೆ ಇನ್ನೂ ಪುಕ್ಕ ಬಂದಿರುವುದಿಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು. ತಾಯಿ ಕೋಳಿ ಇದ್ದರೆ ರೆಕ್ಕೆಯಡಿ ಅದೇ ಕೊಡುತ್ತದೆ. ಚಳಿಯಲ್ಲಿ ಕಾವಿಗೆ ಎಂಟು ಹತ್ತು ಮೊಟ್ಟೆ ಸಾಕು. ಹೆಚ್ಚು ಇಟ್ಟರೆ ಅಂಚಿನ ಮೊಟ್ಟೆಗೆ ಕಾವು ತಲುಪದು.

ಕೊಂಡು ತಂದ ಮರಿಗೆ ತಾಯಿ ಇಲ್ಲ. ಅದಕ್ಕೆ ಬಲ್ಬು ಹಾಕಬೇಕು. ಈಗ ಮನೆ ಮನೆಗೂ ಎಲ್‌ಇಡಿ ಬಲ್ಬು ಬಂದಿದೆ. ಅದು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಬಿಸಿ ಕೊಡದು. ಹಳೆಯ ಗಾಜಿನ ತಂತಿ ಬಲ್ಬೇ ಬೇಕು. 60 ವ್ಯಾಟ್‌ನ ಒಂದು ಬಲ್ಬು 25, 30 ಮರಿಗೆ ಸಾಕು. ಹಾಸಿನಿಂದ ಒಂದು ಮೊಳ ಮೇಲೆ ಭದ್ರವಾಗಿ ಕಟ್ಟಿ. ಹೊಟ್ಟಿನ ಮೇಲೆ ಬೀಳಬಾರದು.

ಬಿಸಿ ಸಾಕೋ ಸಾಲದೋ ಮರಿಗಳೇ ಹೇಳುತ್ತವೆ. ಬಲ್ಬಿನಡಿ ಒಂದರ ಮೇಲೊಂದು ಗುಂಪಾಗಿ ಚೀಂ ಚೀಂ ಅಂದರೆ ಚಳಿ. ದೂರ ಓಡಿ ಬಾಯಿ ಬಿಟ್ಟರೆ ಸೆಕೆ. ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಸರಿ.

ಮರಿಗೆ ಎರಡು ಅಂಗುಲ ಹೊಟ್ಟು ಹಾಸಿ. ಮೊದಲ ಮೂರು ದಿನ ಅದರ ಮೇಲೆ ಕಾಗದ ಹರಡಿ, ದಿನಾ ಬದಲಾಯಿಸಿ. ನಯವಾದ ಕಾಗದ ಬೇಡ, ಕಾಲು ಜಾರುತ್ತದೆ. ಮರಿಯ ಹಾಸು ಒದ್ದೆಯಾದರೆ ರಕ್ತಭೇದಿ ರೋಗ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ದನದ ಆಸ್ಪತ್ರೆಗೆ ಹೋಗಿ.

ಹಾಸಿನಿಂದ ಎಲ್ಲ ರೋಗ ನಿಲ್ಲುವುದಿಲ್ಲ. ಕೊಕ್ಕರೆ ರೋಗಕ್ಕೆ ಲಸಿಕೆಯೇ ದಾರಿ. ಮರಿಗೆ ಒಂದು ವಾರವಾಗುವಾಗ ಕಣ್ಣಿಗೆ ಹನಿ ಹಾಕಿಸಿ. ಮುಂದಿನ ಲಸಿಕೆ ಯಾವಾಗ ಅಂತ ದನದ ಆಸ್ಪತ್ರೆಯಲ್ಲಿ ಕೇಳಿ ತಿಳಿಯೋಣ.

ಬರೆದು ಇಡೋಣ

ಈಗ ನಮಗೆ ಓದು ಬರಹ ಬಂದಿದೆ. ಅದನ್ನು ಕೋಳಿಗೂ ಬಳಸೋಣ. ಗೋಡೆಯ ಕ್ಯಾಲೆಂಡರಿನಲ್ಲಿ ಇಷ್ಟು ಬರೆಯೋಣ.

ಕಾವಿಗೆ ಮೊಟ್ಟೆ ಇಟ್ಟ ದಿನ. ಅಲ್ಲಿಂದ 21ನೇ ದಿನ ಮರಿ ಬರುತ್ತದೆ.
ಲಸಿಕೆ ಹಾಕಿಸಿದ ದಿನ.
ಹಾಸು ತಿರುವಿದ ದಿನ, ಬದಲಾಯಿಸಿದ ದಿನ.
ಸತ್ತ ಮರಿ ಎಷ್ಟು, ಉಳಿದ ಮರಿ ಎಷ್ಟು.
ಮಾರಿದ ಮೊಟ್ಟೆ ಎಷ್ಟು, ಬಂದ ದುಡ್ಡು ಎಷ್ಟು.

ಮುಂದಿನ ವರ್ಷ ಪುಷ್ಯ ಮಾಸದಲ್ಲಿ ಈ ಹಾಳೆ ತೆಗೆದು ನೋಡೋಣ. ಒಣ ಹಾಸು ಹಾಕಿದ ಮೇಲೆ ಎಷ್ಟು ಮರಿ ಉಳಿದವು, ಲೆಕ್ಕವೇ ಹೇಳುತ್ತದೆ. ಆ ಲೆಕ್ಕವನ್ನು ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳೋಣ.