ಬಣ್ಣಕ್ಕೆ ಮುನ್ನ

ಸೇಡಮಿನ ನಮ್ಮ ಮನೆಯ ಹಿತ್ತಿಲಲ್ಲಿ ಶಹಾಬಾದು ಕಲ್ಲಿನ ಹಾಸು, ಶಹಾಬಾದು ಕಲ್ಲಿನದೇ ಹೊದಿಕೆಯುಳ್ಳ ಒಂದು ಕೊಠಡಿಯಿದೆ. ಹಿಂದೆ ಅದು ದನದ ಕೊಟ್ಟಿಗೆಯಾಗಿತ್ತು. ಈಗ ಅಲ್ಲಿ ತಂದೆಯವರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಂತಿದೆ. ಕಳೆದ ದೀಪಾವಳಿಯ ರಜೆಯಿಂದ ನಾನು ಅದಕ್ಕೆ ಹೊಸ ಬಣ್ಣ ಕೊಡಿಸುವ ಸಿದ್ಧತೆಯಲ್ಲಿದ್ದೇನೆ. ಮೂರು ತಿಂಗಳು ಕಳೆದವು, ಬಣ್ಣವಿನ್ನೂ ಬಂದಿಲ್ಲ. ಆ ಮೂರು ತಿಂಗಳ ವೃತ್ತಾಂತವನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಹೆರಾಲ್ಡ್ ಒಳ್ಳೆಯ ಮನೆತನದ ಕಾರು. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಇದರ ರೂಪವನ್ನು ಕಲ್ಪಿಸಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಇದರ ಅಡಿಚೌಕಟ್ಟನ್ನೇ ಮೊಟಕುಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿದರು. ನಮ್ಮ ದೇಶದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡನ್ನು ತಯಾರಿಸಿತು. ಇದರ ಬಾನೆಟ್ಟು ಎರಡು ಪಕ್ಕದ ರೆಕ್ಕೆಗಳೊಡನೆ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಚಿತ್ತಾಪುರದಲ್ಲಿ ವೈದ್ಯರಾಗಿದ್ದ ತಂದೆಯವರು 1979ರಲ್ಲಿ ಹೈದರಾಬಾದಿನಿಂದ ಹಳೆಯದೊಂದನ್ನು ಕೊಂಡು ತಂದರು. ಅಂದಿನಿಂದ ಅದು ಅವರನ್ನು ಹೊತ್ತು ವಾಡಿಗೆ, ಶಹಾಬಾದಿಗೆ, ಅತ್ತ ಚಿಂಚೋಳಿಯ ಕಾಡಂಚಿನ ಹಳ್ಳಿಗಳಿಗೆ ಹಗಲಿರುಳೆನ್ನದೆ ತಿರುಗಿತು. 2007ರಲ್ಲಿ ಅವರು ತೀರಿಕೊಂಡರು.

ಮೊದಲು ಶಹಾಬಾದಿನ ಒಬ್ಬ ಪೇಂಟರನ್ನು ಕರೆತಂದೆ. ಅವರು ಬಣ್ಣದ ಮಾತನ್ನೇ ಎತ್ತಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತವನ್ನು ತೆಗೆದು ಬಾಗಿಲ ಕೆಳಗೆ, ಚಕ್ರದ ಕಮಾನಿನ ಸುತ್ತ ಇಟ್ಟು ನೋಡುತ್ತ ಹೋದರು. ಕೆಲವೆಡೆ ಅದು ಕಚ್ಚಿಕೊಂಡಿತು. ಕೆಲವೆಡೆ ಕೆಳಗೆ ಬಿದ್ದಿತು. ಬಿದ್ದಲ್ಲೆಲ್ಲ ತಗಡಿನ ಮೇಲೆ ದಪ್ಪನೆಯ ಪುಟ್ಟಿಯಿದೆಯೆಂದೇ ಅರ್ಥ. "ಸರ್, ಬಣ್ಣ ಹೊಡೆಯೋದು ಒಂದ್ ದಿನದ ಕೆಲ್ಸ ಅದ. ಅದಕ್ಕ ತಯಾರಿ ಮಾಡೋದೇ ತಿಂಗಳಗಟ್ಟಲೆ. ಅವಸರ ಮಾಡಬ್ಯಾಡ್ರಿ" ಎಂದರು. ಸಿದ್ಧತೆಯೆಲ್ಲ ಮನೆಯಲ್ಲಿ ನನ್ನದು, ಕೊನೆಯ ಬಣ್ಣ ಅವರದು ಎಂದು ಒಪ್ಪಂದವಾಯಿತು. ಈಗಿನ ಎರಡು ಭಾಗ ಬೆರೆಸುವ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಬಿಡದ ಉಬ್ಬಸವನ್ನು ತಂದೀತು. ಅದು ಹಿತ್ತಿಲ ಕೊಠಡಿಯಲ್ಲಿ ಮಾಡುವ ಕೆಲಸವಲ್ಲ.

ಮೊದಲ ಕೆಲಸ ತೊಳೆಯುವುದು. ಸಿಮೆಂಟಿನ ಸೀಮೆಯಲ್ಲಿ ಇದೂ ಸುಲಭವಲ್ಲ. ಬಣ್ಣದ ಮೇಲೆ ಕೂತ ಸಿಮೆಂಟಿನ ಧೂಳು ಇಬ್ಬನಿ ಬಿದ್ದೊಡನೆ ಗಟ್ಟಿಯಾಗಿ ಅಂಟುತ್ತದೆ. ಅದರ ಕ್ಷಾರಗುಣ ಬಣ್ಣವನ್ನು ತಿನ್ನುತ್ತದೆ. ಒಣಬಟ್ಟೆಯಿಂದ ಒರಸಿದರೆ ಗೀರುಗಳೇ ಉಳಿದಾವು. ನೀರು ಬೆರೆಸಿದ ವಿನಿಗರಿನಿಂದ ನೆನೆಸಿ ಸಡಿಲಿಸಿ, ಧಾರಾಳವಾಗಿ ನೀರು ಬಿಟ್ಟು ತೊಳೆಯಬೇಕು. ಆಮೇಲೆ ಎಣ್ಣೆಯ ಜಿಡ್ಡನ್ನೂ ಮೇಣವನ್ನೂ ತೆಗೆಯಬೇಕು. ತೆಗೆಯದೆ ಕಾಗದದಿಂದ ಉಜ್ಜಿದರೆ ಜಿಡ್ಡು ಗೀರಿನೊಳಗೆ ಸೇರಿ, ಮುಂದೆ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂತಹ ಕುಳಿಗಳಾಗಿ ಏಳುತ್ತದೆ.

ಅನಂತರ ಬಿಚ್ಚುವ ಕೆಲಸ. ದೀಪಗಳು, ಬಂಪರು, ಗಾಜಿನ ಸುತ್ತಣ ರಬ್ಬರು, ಬಾಗಿಲ ಹಿಡಿಕೆಗಳು ಒಂದೊಂದಾಗಿ ಹೊರಬಂದವು. ಪ್ರತಿಯೊಂದರ ತಿರುಪುಗಳನ್ನು ಬೇರೆಬೇರೆ ಲಕೋಟೆಯಲ್ಲಿಟ್ಟು ಹೆಸರು ಬರೆದೆ. ತಯಾರಿಸಿದ ಕಂಪನಿಯೇ ಮುಚ್ಚಿಹೋಗಿರುವಾಗ ಕಳೆದ ತಿರುಪನ್ನು ಯಾರು ಕೊಟ್ಟಾರು? ಬಾಗಿಲ ಕೆಳಗಣ ಟೊಳ್ಳಿನಿಂದ ಮಣ್ಣು ಕೆದರಿದಾಗ ಮೂರು ಬಗೆಯ ಮಣ್ಣು ಬಿದ್ದಿತು: ಸೇಡಂ ಹೊಲಗಳ ಕಪ್ಪು, ಚಿಂಚೋಳಿಯ ಕೆಂಪು, ವಾಡಿಯ ಕಡೆಯ ಬೂದಿಬಣ್ಣದ ಪುಡಿ. ನೀರು ಇಳಿದುಹೋಗುವ ರಂಧ್ರಗಳನ್ನು ಆ ಮಣ್ಣು ಮುಚ್ಚಿತ್ತು. ನೀರು ನಿಂತಲ್ಲಿ ತುಕ್ಕು ಹುಟ್ಟಿತ್ತು. ತಂದೆಯವರು ತಿರುಗಿದ ದಾರಿಯೆಲ್ಲ ಅಂಗೈಯಲ್ಲಿತ್ತು. ನಾನು ಕೆಲಹೊತ್ತು ಸುಮ್ಮನೆ ಕುಳಿತೆ.

ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಉಜ್ಜಬಾರದು. ಮೂಗಿಗೆ ಮುಖವಾಡ ಕಟ್ಟಿ, ನೀರು ಹಾಕುತ್ತ, ಮೊದಲು ಒರಟು ಕಾಗದ, ಆಮೇಲೆ 180, 320, 400 ಎಂದು ನಯವಾದ ಕಾಗದಗಳಿಗೆ ಏರುತ್ತ ಉಜ್ಜಬೇಕು. ಆಗ ಪದರಗಳು ಒಂದರ ಕೆಳಗೊಂದು ಕಾಣಿಸುತ್ತವೆ. ಎಲ್ಲಕ್ಕೂ ಮೇಲಿದ್ದ ಕೆಂಪು ನನ್ನದು. 2009ರಲ್ಲಿ ತಂಗಿಯ ಮದುವೆಗೆ ಕಾರು ಹೊಳೆಯಬೇಕೆಂದು ನಾಲ್ಕೇ ದಿನಗಳಲ್ಲಿ ನಾನು ಹಚ್ಚಿಸಿದ ಬಣ್ಣವದು. ತುಕ್ಕನ್ನು ತೆಗೆಯದೆ ಅದರ ಮೇಲೆಯೇ ಪುಟ್ಟಿ ತುಂಬಿ ಸಮಮಾಡಿ ಎಂದವನೂ ನಾನೇ. ಪುಟ್ಟಿ ನೀರನ್ನು ಹೀರುತ್ತದೆ. ಹೊಳಪಿನ ಕೆಳಗೆ ತುಕ್ಕು ಇಷ್ಟು ವರ್ಷ ತಗಡನ್ನು ತಿನ್ನುತ್ತಲೇ ಇತ್ತು. ಕೆಲವೆಡೆ ಬೆರಳು ಒತ್ತಿದರೆ ತೂತಾಯಿತು. ಅಲ್ಲಿ ಕತ್ತರಿಸಿ ಹೊಸ ತಗಡು ಬೆಸೆಯದೆ ವಿಧಿಯಿರಲಿಲ್ಲ.

ಎಡಗಡೆಯ ರೆಕ್ಕೆಯ ಮೇಲೆ ಮಾತ್ರ ಬೇರೊಂದು ಸಂಗತಿ ಕಾದಿತ್ತು. 1999ರ ಮಳೆಗಾಲದ ಒಂದು ರಾತ್ರಿ ರೋಗಿಯೊಬ್ಬರನ್ನು ನೋಡಲು ಹೋಗುವಾಗ ಕಾರು ಕಾಗಿಣಾ ನದಿಯ ಸೇತುವೆಯ ಕಟ್ಟೆಗೆ ತಾಗಿತ್ತು. ವಾಡಿಯಲ್ಲಿ ತಗಡನ್ನು ಬಡಿಸಿ ನೆಟ್ಟಗೆ ಮಾಡಿಸಿದ ತಂದೆಯವರು ಬಣ್ಣಕ್ಕೆ ಹಣ ಸಾಲದೆ ತಾವೇ ಕುಂಚ ಹಿಡಿದು ನೀಲಿ ಬಳಿದರು. ಕುಂಚದ ಗೆರೆಗಳು ದೂರಕ್ಕೂ ಕಾಣುತ್ತಿದ್ದವು. ಆಗ ಗುಲ್ಬರ್ಗದಲ್ಲಿ ಬಿ.ಎ. ಓದುತ್ತಿದ್ದ ನಾನು ಆ ಕಾರಿನಲ್ಲಿ ಕಾಲೇಜಿನ ಬಾಗಿಲವರೆಗೆ ಹೋಗಲು ನಾಚಿ, ಎರಡು ಬೀದಿ ಹಿಂದೆಯೇ ಇಳಿಯುತ್ತಿದ್ದೆ. ಏಕೆಂದು ಅವರು ಒಮ್ಮೆಯೂ ಕೇಳಲಿಲ್ಲ.

ಈಗ ನನ್ನ ಕೆಂಪನ್ನು ಉಜ್ಜಿದಾಗ ಆ ನೀಲಿ ಬಂದಿತು. ನೀಲಿಯ ಕೆಳಗೆ ಒಂದೇ ಸಮನಾದ ರೆಡ್ ಆಕ್ಸೈಡ್. ಅದರ ಕೆಳಗೆ ಹೊಳೆಯುವ ತಗಡು. ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಪೇಂಟರು ಅಂಗೈಯಿಂದ ಸವರಿ ನೋಡಿ, "ಇದು ಯಾರ ಕೈ ಕೆಲ್ಸ ಸರ್? ಇಡೀ ಗಾಡ್ಯಾಗ ಇದೊಂದೇ ಜಾಗ ಗಟ್ಟಿ ಅದ" ಎಂದರು. ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಬಾರದೆಂದು ತಂದೆಯವರು ತಮ್ಮ ಕಂಪೌಂಡರಿಗೆ ದಿನವೂ ಹೇಳುತ್ತಿದ್ದುದು ನನಗೆ ನೆನಪಾಯಿತು.

ನಮ್ಮ ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಾದೋಷಗಳ ವಿಚಾರ. ಶಬ್ದಾಲಂಕಾರ, ಅರ್ಥಾಲಂಕಾರಗಳು ಬರುವುದು ಅನಂತರ. ಈ ಕ್ರಮವನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ದೋಷವನ್ನು ಕಳೆಯದೆ ಅಲಂಕಾರಕ್ಕೆ ಕೈಹಾಕಬಾರದೆಂಬ ಅದರ ಒಳಗುಟ್ಟು ಮನಸ್ಸಿಗೆ ನಾಟಿದ್ದು ಮಾತ್ರ ನೀರುಕಾಗದ ಹಿಡಿದ ಈ ದಿನಗಳಲ್ಲಿ. ಅಲಂಕಾರವನ್ನಷ್ಟೇ ಬಯಸಿದವನು ನಾನು; ದೋಷವನ್ನು ಕಳೆದವರು ಕಾವ್ಯಮೀಮಾಂಸೆ ಓದದ ನಮ್ಮ ತಂದೆ.

ಈಗ ಕಾರಿಗೆಲ್ಲ ಎಪಾಕ್ಸಿ ಪ್ರೈಮರ್ ಬಿದ್ದಿದೆ. ಅದರ ಮೇಲೆ ತೆಳುವಾಗಿ ಕಪ್ಪು ಸಿಂಪಡಿಸಿ, ಪಟ್ಟಿಯ ಮೇಲೆ ಕಾಗದ ಸುತ್ತಿ ಮತ್ತೆ ಉಜ್ಜುತ್ತಿದ್ದೇನೆ. ಎಲ್ಲಿ ಕಪ್ಪು ಉಳಿಯುವುದೋ ಅಲ್ಲಿ ತಗ್ಗಿದೆಯೆಂದು ಲೆಕ್ಕ. ಗಾಜುಗಳನ್ನು ಮುಚ್ಚಲು ಸಾಪ್ತಾಹಿಕ ಪುರವಣಿಗಳ ಹಳೆಯ ಕಟ್ಟನ್ನು ತಂದಿದ್ದೆ. ಥಿನ್ನರ್ ತಾಕಿದರೆ ಅಚ್ಚಿನ ಮಸಿ ಬಿಡುವುದೆಂದು ಪೇಂಟರು ಬೇಡವೆಂದರು. ಶಿವರಾತ್ರಿಯೊಳಗೆ ಕೆಲಸ ಮುಗಿಯಬೇಕು. ಬಿಸಿಲು 40 ಡಿಗ್ರಿ ದಾಟಿತೆಂದರೆ ಬಣ್ಣ ತಗಡನ್ನು ಮುಟ್ಟುವ ಮೊದಲೇ ಅರ್ಧ ಒಣಗಿ ಒರಟಾಗುತ್ತದೆ.

"ಅಪ್ಪನ ಗಾಡಿಗಿ ಬಣ್ಣ ಯಾವಾಗ ಹಚ್ಚಸ್ತೀಯೋ?" ಎಂದು ಅವ್ವ ದಿನವೂ ಕೇಳುತ್ತಾಳೆ. ಬಣ್ಣ ಆ ನೀಲಿಯೇ. ಎಡ ರೆಕ್ಕೆಯ ಒಳಮೈಯಲ್ಲಿ ತಂದೆಯವರ ಕುಂಚದ ಗೆರೆಗಳು ಇನ್ನೂ ಹಾಗೆಯೇ ಇವೆ. ಅಲ್ಲಿಗೆ ಕಾಗದವನ್ನೂ ತಾಗಿಸಿಲ್ಲ, ಪ್ರೈಮರನ್ನೂ ಬಿಟ್ಟಿಲ್ಲ. ಬಾನೆಟ್ಟನ್ನು ಎತ್ತಿದವರಿಗೆ ಮಾತ್ರ ಅದು ಕಂಡೀತು. ಕಾರು ಸಿದ್ಧವಾದ ದಿನ ಅದರಲ್ಲೇ ಕುಳಿತು ಕಾಲೇಜಿನ ಬಾಗಿಲವರೆಗೂ ಹೋಗಬೇಕೆಂದಿದ್ದೇನೆ.